ಗೊಂಬೆ ಹಬ್ಬಕ್ಕೆ ಬಂದ ಹುಲ್ಲುಮನೆ

ನನ್ನ ದಿನಚರಿಗಳ ಕೊನೆಯ ಹಾಳೆಗಳಲ್ಲಿ ಮನೆಗಳ ನಕ್ಷೆಗಳಿವೆ. ನಾನು ಕಟ್ಟಡಶಾಸ್ತ್ರ ಓದಿದವಳಲ್ಲ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಡಾಕ್ಟರೊಬ್ಬರನ್ನು ಮದುವೆಯಾಗಿ, ಅವರಿಗೆ ಕೆಲಸ ಸಿಕ್ಕಿದ ಊರಿಗೆಲ್ಲ ಪೆಟ್ಟಿಗೆ ಕಟ್ಟಿಕೊಂಡು ಹೋದವಳು. ಎಪ್ಪತ್ತರ ದಶಕದಲ್ಲಿ ನಾವು ಮೊದಲು ಇದ್ದದ್ದು ಪರ್ತ್‌ನ ಒಂದು ಕೆಂಪು ಇಟ್ಟಿಗೆ ಮನೆಯಲ್ಲಿ. ಅಲ್ಲಿಂದ ಬ್ರಿಸ್ಬೇನಿಗೆ ಬಂದ ಮೇಲೆ ಒಂದು ದಿನ ಗೆಳತಿಗೆ ಆ ಮನೆಯನ್ನು ವರ್ಣಿಸುತ್ತ, ಬಚ್ಚಲ ಬಾಗಿಲು ವರಾಂಡಕ್ಕೆ ತೆರೆಯುತ್ತಿತ್ತು ಎಂದೆ. ನಮ್ಮವರು, ಅಲ್ಲ, ಅಡುಗೆಮನೆಗೆ ಎಂದರು. ಮಗಳ ಮೊದಲ ಹುಟ್ಟುಹಬ್ಬದ ಫೋಟೋ ಹುಡುಕಿ ನೋಡಿದರೆ ಬಾಗಿಲು ನಡುಮನೆಯಲ್ಲಿ, ಕೇಕಿನ ಹಿಂದೆಯೇ ಇತ್ತು. ಎರಡು ವರ್ಷ ದಿನವೂ ಹಾದುಹೋದ ಬಾಗಿಲು.

ಅಂದಿನಿಂದ ಒಂದು ಮನೆ ಬಿಡುವ ಮುಂಚೆ ಅದರ ನಕ್ಷೆ ಬರೆದಿಡುತ್ತೇನೆ. ಅದರಿಂದಲೂ ದೊಡ್ಡ ಉಪಕಾರವಾಗಿಲ್ಲ. ಬ್ರಿಸ್ಬೇನಿನ ಟೂವಾಂಗ್‌ನಲ್ಲಿ ನಾವಿದ್ದ, ಕಂಬಗಳ ಮೇಲೆ ನಿಂತ ತಗಡು ಮಾಡಿನ ಮರದ ಮನೆಯ ನಕ್ಷೆಯಲ್ಲಿ ಹಿಂಬದಿಗೆ ಒಂದು ಸಣ್ಣ ಕೋಣೆ ಕಾಣುತ್ತದೆ. ಬರೆದದ್ದು ನಾನೇ. ಆ ಕೋಣೆಯಲ್ಲಿ ಏನಿತ್ತು, ಅಲ್ಲಿ ಯಾರು ಮಲಗುತ್ತಿದ್ದರು ಎಂಬುದು ಮಾತ್ರ ಏನು ಮಾಡಿದರೂ ಹೊಳೆಯುವುದಿಲ್ಲ. ಹೀಗಿರುವ ನಾನು, ಎಂದೂ ಕಾಣದ ಒಂದು ಇಂಗ್ಲಿಷ್ ರೈತನ ಮನೆಯನ್ನು ಇಲ್ಲಿ ವಿವರಿಸಲು ಹೊರಟಿದ್ದೇನೆ. ಓದುವವರು ಅಷ್ಟು ಎಚ್ಚರಿಕೆ ಇಟ್ಟುಕೊಂಡರೆ ಸಾಕು.

ಎಂಬತ್ತರ ದಶಕದ ಆರಂಭದಲ್ಲಿ ನಾವು ಅಡಿಲೇಡಿಗೆ ಬಂದು ಬ್ಲೇರ್ ಅಥಾಲ್‌ನಲ್ಲಿ ಮನೆ ಹಿಡಿದೆವು. ಪಕ್ಕದ ಮನೆಯಲ್ಲಿ ಒಬ್ಬ ಇಂಗ್ಲಿಷ್ ಮುದುಕರಿದ್ದರು. ಅಲ್ಲೇ ಹತ್ತಿರದ ಕಿಲ್ಬರ್ನ್‌ನ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಆ ವರ್ಷ ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ನನ್ನ ಅಮ್ಮ ಅವರನ್ನು ಮೇಷ್ಟ್ರು ಎಂದು ಕರೆದಳು. ನಾವೂ ಹಾಗೇ ಕರೆದೆವು, ಕೊನೆಗೆ ಅವರೂ ಆ ಹೆಸರಿಗೆ ತಿರುಗಿ ನೋಡತೊಡಗಿದರು.

ಮೇಷ್ಟ್ರು ತಮ್ಮ ಷೆಡ್ಡಿನಲ್ಲಿ ತಾವು ಹುಟ್ಟಿದ ಮನೆಯ ಮಾದರಿ ಕಟ್ಟುತ್ತಿದ್ದರು. ಇಂಗ್ಲೆಂಡಿನ ಡೆವನ್ ಎಂಬ ಸೀಮೆಯಲ್ಲಿದ್ದ ಹುಲ್ಲುಮಾಡಿನ ಮನೆ ಅದು. ಶತಮಾನಗಳಿಂದ ರೈತರು ಇದ್ದು ಬಾಳಿದ ಮನೆ. ಅವರಪ್ಪ ಅಲ್ಲಿ ಗೇಣಿಗೆ ಇದ್ದರು. ಮೇಷ್ಟ್ರು ಹುಡುಗರಾಗಿದ್ದಾಗಲೇ ಸಂಸಾರ ಅದನ್ನು ಬಿಟ್ಟಿತು. ಮುಂದೆ ಒಂದು ಚಳಿಗಾಲ ಚಿಮಣಿಯ ಕಿಡಿ ಹಾರಿ ಮಾಡಿಗೆ ಬಿದ್ದು ಮನೆ ಸುಟ್ಟುಹೋಯಿತು. ಅದರ ಒಂದು ಫೋಟೋ ಕೂಡ ಉಳಿದಿರಲಿಲ್ಲ. ಆ ಮಾಡಿನ ಕೆಳಗೆ ಬಾಳಿದ ಅವರ ಸಂಸಾರದಲ್ಲಿ ಈಗ ಉಳಿದಿದ್ದವರು ಇಬ್ಬರೇ: ಮೇಷ್ಟ್ರು, ಮತ್ತು ಪರ್ತ್‌ನಲ್ಲಿದ್ದ ಅವರ ಅಕ್ಕ. ಅಕ್ಕ ಅವರಿಗಿಂತ ಒಂಬತ್ತು ವರ್ಷ ದೊಡ್ಡವರು. ವಿಮಾನ ಹತ್ತದ ಆಕೆ ಅಕ್ಟೋಬರಿನಲ್ಲಿ ರೈಲಿನಲ್ಲಿ ಬರುವವರಿದ್ದರು. ಆಕೆ ಮಾದರಿಯ ಮುಂದೆ ನಿಂತು, ಹೌದು, ಇದು ನಮ್ಮ ಮನೆ ಎನ್ನಬೇಕು. ಮೇಷ್ಟ್ರಿಗೆ ಬೇಕಾಗಿದ್ದದ್ದು ಅಷ್ಟೇ. ಅಕ್ಕ ಒಪ್ಪದಿದ್ದರೆ ತಾನು ಬಾಲ್ಯವೆಂದುಕೊಂಡದ್ದೆಲ್ಲ ತಾನೇ ಹೆಣೆದ ಕತೆಯಾದೀತು ಎಂದು ಅವರು ನನ್ನ ಬಳಿ ಒಮ್ಮೆ ಹೇಳಿದ್ದರು. ಬಚ್ಚಲ ಬಾಗಿಲು ಕಳೆದುಕೊಂಡವಳಿಗೆ ಅದು ಅರ್ಥವಾಯಿತು.

ಅಕ್ಕ ಸುಲಭಕ್ಕೆ ಒಪ್ಪುವವರಾಗಿರಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಮೇಷ್ಟ್ರು ಅಷ್ಟರವರೆಗೆ ಕಟ್ಟಿದ್ದನ್ನು ವರದಿ ಮಾಡುತ್ತಿದ್ದರು, ಆಕೆ ಒಂದೊಂದಾಗಿ ಕೆಡವುತ್ತಿದ್ದರು. ಸೋಮವಾರ ಮೇಷ್ಟ್ರು ನಮ್ಮ ಅಡುಗೆಮನೆಗೆ ಬಂದು ಕಾಫಿ ಕುಡಿಯುತ್ತ ಆ ಹಾನಿಯನ್ನು ವಿವರಿಸುವರು. ಹಾಗೆ ಕೇಳಿ ಕೇಳಿ ನನಗೆ ಆ ಮನೆ ಕಣ್ಣಿಗೆ ಕಟ್ಟಿತು.

ಉದ್ದನೆಯ, ಕುಳ್ಳ ಮನೆ. ಕೆಳಗೆ ಮೊಳಕಾಲೆತ್ತರಕ್ಕೆ ಕಲ್ಲಿನ ಪಾಯ, ಅದರ ಮೇಲೆ ಮಣ್ಣಿಗೆ ಹುಲ್ಲು ಬೆರೆಸಿ ತುಳಿದು ಎಬ್ಬಿಸಿದ ಗೋಡೆ. ಗೋಡೆಯ ದಪ್ಪ ಎಷ್ಟೆಂದರೆ ಕಿಟಕಿಯ ಗೂಡಿನಲ್ಲಿ ಒಂದು ಮಗು ಕಾಲು ಚಾಚಿ ಮಲಗಬಹುದಿತ್ತಂತೆ. ಮೂಲೆಗಳು ಚೂಪಾಗಿಲ್ಲ, ದುಂಡಗೆ. ಮಾಡನ್ನು ಹೊತ್ತದ್ದು ಗೋಡೆಯಲ್ಲ, ನೆಲದಿಂದಲೇ ಬಾಗಿ ಮೇಲೆದ್ದು ನೆತ್ತಿಯಲ್ಲಿ ಕೂಡುವ ಜೋಡಿ ಮರಗಳು. ಮನೆಯ ನಡುವೆ ಮುಂಬಾಗಿಲಿಂದ ಹಿಂಬಾಗಿಲಿಗೆ ನೇರ ಒಂದು ಓಣಿ. ಅದರ ಒಂದು ಬದಿಗೆ ಜನ, ಇನ್ನೊಂದು ಬದಿಗೆ ದನ. ಇದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಅವಳು ಹುಟ್ಟಿದ ಊರಿನಲ್ಲೂ ಹಸು ಹೊಸಿಲೊಳಗೇ ಇರುತ್ತಿತ್ತು. "ಮತ್ತೆ ಇವ್ರೇನು ನಮಗೆ ನಾಗರಿಕತೆ ಕಲಿಸಿದ್ದು" ಎಂದಳು. ನಾನು ಅದನ್ನು ಮೇಷ್ಟ್ರಿಗೆ ಭಾಷಾಂತರಿಸದೆ ಬಿಟ್ಟೆ. ಅವರು ಬಿಡದೆ ಕೇಳಿ ತಿಳಿದುಕೊಂಡು, ಬಹಳ ಹೊತ್ತು ನಕ್ಕರು.

ನನಗೆ ಹಿಡಿಸಿದ್ದು ಮಾಡಿನ ವಿಷಯ. ಅಂಥ ಮಾಡು ಹಳತಾದರೆ ಕಿತ್ತೆಸೆಯುವುದಿಲ್ಲ, ಮೇಲಿನ ಕೊಳೆತ ಪದರವನ್ನಷ್ಟೇ ಕೆರೆದು ಹೊಸ ಹುಲ್ಲು ಹೊದಿಸುತ್ತಾರೆ. ಎಷ್ಟೋ ತಲೆಮಾರು ಕಳೆದರೂ ತೀರ ಕೆಳಗಿನ ಪದರ ಹಾಗೇ ಇರುತ್ತದೆ. ಚಿಮಣಿ ಬರುವ ಮುಂಚೆ ಮನೆಯ ನಡುವೆಯೇ ಒಲೆ ಉರಿಯುತ್ತಿತ್ತಲ್ಲ, ಆ ಕಾಲದ ಮಸಿ ಹಿಡಿದು ಅದು ಕಪ್ಪಗಿರುತ್ತದೆ. ಅಟ್ಟದಲ್ಲಿ ಮಲಗಿದ ಹುಡುಗ ಕೈ ಎತ್ತಿದರೆ ಮುನ್ನೂರು ವರ್ಷದ ಹಿಂದಿನ ಹೊಗೆ ಬೆರಳಿಗೆ ಅಂಟುತ್ತಿತ್ತು. ಇತಿಹಾಸ ಓದಿದ ನನಗೆ ಯಾವ ತರಗತಿಯಲ್ಲೂ ಅಷ್ಟು ಹತ್ತಿರದ ಇತಿಹಾಸ ಸಿಕ್ಕಿರಲಿಲ್ಲ.

ಮಾದರಿಯಲ್ಲೂ ಆ ಕಪ್ಪು ಪದರ ಇರಲೇಬೇಕು ಎಂದು ಮೇಷ್ಟ್ರ ಹಟ. ಹೊರಗಿನಿಂದ ಅದು ಯಾರಿಗೂ ಕಾಣುವುದಿಲ್ಲವಲ್ಲ ಎಂದರೆ, ಅಕ್ಕ ಮಾಡನ್ನು ಎತ್ತಿ ನೋಡದೆ ಬಿಡುವವಳಲ್ಲ ಎಂದರು. ಹಾಗಾಗಿ ಒಂದು ಶನಿವಾರ ಮಧ್ಯಾಹ್ನ ನಮ್ಮ ಹಿತ್ತಲಿನ ಬಾರ್ಬೆಕ್ಯೂ ಒಲೆಯ ಮೇಲೆ ಹುಲ್ಲಿನ ಕಂತೆಗಳಿಗೆ ಹೊಗೆ ಹಾಕಿದೆವು. ಬೇಲಿಯಾಚೆಯ ಮನೆಯವನು ಇಣುಕಿ, ಡಾಕ್ಟರ ಮನೆಯಲ್ಲಿ ಇವತ್ತೇನು ಅಡುಗೆ ಎಂದು ಕೇಳಿದ. "ಗೋಧಿ ಐಟಂ" ಎಂದರು ನಮ್ಮವರು.

ಆ ಗೋಧಿಹುಲ್ಲು ದೊರಕಿಸಿದವರೂ ಇವರೇ. ಈ ಕಾಲದ ಗೋಧಿ ಗಿಡ್ಡ, ಅದನ್ನು ಕೊಯ್ಯುವ ಯಂತ್ರ ದಂಟನ್ನು ಜಜ್ಜಿಹಾಕುತ್ತದೆ. ಮಾಡಿಗೆ ಅದು ಬರುವುದಿಲ್ಲ. ಇವರು ವಾರಕ್ಕೊಮ್ಮೆ ಹೋಗುತ್ತಿದ್ದ ಹಳ್ಳಿಯ ಕ್ಲಿನಿಕ್ಕಿಗೆ ಬರುತ್ತಿದ್ದ ಒಬ್ಬ ರೈತ, ಕುದುರೆಗಳಿಗೆಂದು ಹಳೆಯ ಕಾಲದ ಎತ್ತರದ ಗೋಧಿ ಬೆಳೆದು ಕಟ್ಟು ಕಟ್ಟಿ ಇಡುತ್ತಿದ್ದ. ಬೆನ್ನುನೋವು ವಾಸಿಯಾದ ಸಂತೋಷಕ್ಕೆ ನಾಲ್ಕು ಕಟ್ಟು ಕಾರಿನ ಮೇಲೆ ಹಾಕಿಸಿ ಕಳಿಸಿದ, ತೆನೆ ಸಮೇತ.

ಎಡ–ಬಲದ ಜಗಳವನ್ನು ಬಗೆಹರಿಸಿದವರೂ ಇವರೇ ಎಂದು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಓಣಿಯ ಎಡಕ್ಕೆ ದನ ಎಂದು ಮೇಷ್ಟ್ರು, ಬಲಕ್ಕೆ ಎಂದು ಅಕ್ಕ. ಮೂರು ಭಾನುವಾರ ಇದೇ ನಡೆಯಿತು. ಮೇಷ್ಟ್ರು ಇನ್ನೇನು ಮನೆಯನ್ನು ಒಡೆದು ತಿರುವುಮುರುವಾಗಿ ಕಟ್ಟಬೇಕು, ಆಗ ಇವರು ಅಡುಗೆಮನೆಯಲ್ಲಿ ಎಕ್ಸ್‌ರೇ ಹಿಡಿದವರಂತೆ ಕೈ ಎತ್ತಿ ಒಂದು ಪ್ರಶ್ನೆ ಕೇಳಿದರು. ನಾವು ಡಾಕ್ಟರುಗಳು ಎಡಗಾಲು ಅಂದ್ರೆ ರೋಗಿಯ ಎಡ, ನಮ್ಮ ಎಡ ಅಲ್ಲ. ನೀವಿಬ್ಬರೂ ಯಾವ ಬಾಗಿಲಿಂದ ಒಳಗೆ ಬರ್ತಿದ್ರಿ? ಮೇಷ್ಟ್ರು ಕಾಫಿ ಕಪ್ಪು ಕೆಳಗಿಟ್ಟರು. ಅವರು ಯಾವಾಗಲೂ ಬರುತ್ತಿದ್ದದ್ದು ಹಿತ್ತಲ ಕಡೆಯಿಂದ, ಕೊಟ್ಟಿಗೆ ಕೆಲಸ ಮುಗಿಸಿಕೊಂಡು. ಅಕ್ಕ ಬೀದಿಯ ಕಡೆಯಿಂದ, ಇಸ್ಕೂಲಿನಿಂದ. ಮುಂದಿನ ಭಾನುವಾರ ಅಕ್ಕ ಫೋನಿನಲ್ಲಿ, ಅದೊಂದು ಆಗಬಹುದು, ಉಳಿದದ್ದು ಬಂದು ನೋಡಿ ಹೇಳುತ್ತೇನೆ ಎಂದರಂತೆ.

ಹೊದಿಸುವ ಕೆಲಸ ನಮ್ಮ ವರಾಂಡದಲ್ಲೇ ನಡೆಯಿತು. ಮೇಷ್ಟ್ರು ತೆನೆ ಕತ್ತರಿಸಿ ಹುಲ್ಲನ್ನು ಬಾಚಿ ಕೊಡುವರು. ಅಮ್ಮ ಮತ್ತು ನಾನು ಬೆರಳು ದಪ್ಪದ ಕಂತೆ ಕಟ್ಟುವೆವು. ಪರ್ತ್‌ನಲ್ಲಿ ಹುಟ್ಟಿದ ಮಗಳು ಅಜ್ಜಿಯ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ದಾರ ಎಟಕಿಸುವಳು. ಅಮ್ಮನಿಗೆ ಸರಿಬರದ ಸಂಗತಿ ಒಂದೇ. ತೆನೆಯನ್ನೆಲ್ಲ ತೆಗೆದು ಬರೀ ಹುಲ್ಲು ಹೊದಿಸಿದ ಮನೆ ಅವಳ ಕಣ್ಣಿಗೆ ಬರಿದೋ ಬರಿದು. ಹೊಸ ಮನೆಗೆ ಒಂದು ಹಿಡಿ ಧಾನ್ಯವಾದರೂ ಬೇಡವೇ? ಮೈಸೂರಿನ ಮನೆಯ ಬಾಗಿಲಿಗೆ ಅವಳು ಪ್ರತಿ ವರ್ಷ ಭತ್ತದ ತೆನೆಯ ಗೊಂಚಲು ಕಟ್ಟುವವಳು. ಮೇಷ್ಟ್ರ ಹತ್ತಿರ ಅನುಮತಿ ಕೇಳು ಎಂದಳು. ಕೇಳಿದೆ. ನೆತ್ತಿಯ ಸಾಲಿನಲ್ಲಿ ಯಾರಿಗೂ ಕಾಣದ ಹಾಗೆ ಸಿಕ್ಕಿಸುವುದಾದರೆ ಅಡ್ಡಿಯಿಲ್ಲ ಎಂದರು. ಅಮ್ಮ ಕಾಳು ತುಂಬಿದ ತೆನೆಗಳನ್ನು ಈ ಕೊನೆಯಿಂದ ಆ ಕೊನೆಯವರೆಗೆ ಧಾರಾಳವಾಗಿ ಸಿಕ್ಕಿಸಿದಳು.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮ ಗೊಂಬೆಗಳು ಮೈಸೂರಿನಿಂದ ಪರ್ತ್‌ಗೆ, ಅಲ್ಲಿಂದ ಬ್ರಿಸ್ಬೇನಿಗೆ, ಅಲ್ಲಿಂದ ಇಲ್ಲಿಗೆ ಸೀರೆಗಳ ನಡುವೆ ಸುತ್ತಿಕೊಂಡು ಬಂದಿದ್ದವು. ಮುಂದಿನ ಕೋಣೆಯಲ್ಲಿ ಮೆಟ್ಟಿಲು ಕಟ್ಟಿ, ಮೇಲೆ ಪಟ್ಟದ ರಾಜ ರಾಣಿ, ಕೆಳಗೆ ಸಿಪಾಯಿಗಳು, ಶೆಟ್ಟಿಯ ಅಂಗಡಿ ಇಟ್ಟಾಯಿತು. ನೆಲದ ಮೇಲೆ ಪ್ರತಿ ವರ್ಷದಂತೆ ಒಂದು ಊರು. ಅಮ್ಮ ಷೆಡ್ಡಿನ ಕಡೆ ಕೈ ತೋರಿಸಿ, "ಅಷ್ಟು ಚೆಂದದ ಮನೆ ಅಲ್ಲಿ ಜೇಡರ ಜೊತೆ ಯಾಕೆ ಕೂತಿರ್ಬೇಕು? ಇಲ್ಲಿ ತಂದಿಡಕ್ಕೆ ಹೇಳು. ಅವ್ರಕ್ಕ ಇಲ್ಲೇ ಬಂದು ನೋಡ್ಲಿ" ಎಂದಳು. ಮೇಷ್ಟ್ರಿಗೆ ಈ ಮಾತು ತುಂಬಾ ಇಷ್ಟವಾಯಿತು. ರಾಜರ ಪಾದದಡಿಯಲ್ಲಿ ತಮ್ಮ ಮನೆಗೆ ಜಾಗ ಸಿಗುತ್ತದೆ ಎಂದುಕೊಂಡಿರಲಿಲ್ಲ ಎಂದರು.

ಮನೆ ಬಂತು. ಸುತ್ತ ತಟ್ಟೆಗಳಲ್ಲಿ ಮಣ್ಣು ಹರಡಿ ಸಾಸಿವೆ ಬಿತ್ತಿದೆವು. ಗೊಂಬೆ ಹಬ್ಬದ ಊರಿಗೆ ಹಸಿರು ಹೊಲ ಬೇಕಲ್ಲ. ದಿನಾ ಬೆಳಿಗ್ಗೆ ಅಮ್ಮ ಸ್ನಾನ ಮಾಡಿ, ಹೂವಿನೆಸಳಿನಿಂದ ಹೊಲಕ್ಕೆ ನೀರು ಚಿಮುಕಿಸುವಳು. ಅರಿಶಿನ ಕುಂಕುಮಕ್ಕೆ ಬಂದವರೂ ಒಂದೊಂದು ಸಲ ಚಿಮುಕಿಸುವರು. ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಕರ್ನಾಟಕದ ಡಾಕ್ಟರುಗಳ ಸಂಸಾರಗಳು ಅಡಿಲೇಡಿನಲ್ಲಿ ಆಗ ಬೆರಳೆಣಿಕೆಯಷ್ಟಿದ್ದವು. ಹಿಂದೂ, ಕ್ರೈಸ್ತ, ಮುಸ್ಲಿಂ ಎನ್ನದೆ ಎಲ್ಲರೂ ಬರುತ್ತಿದ್ದರು, ಎಲ್ಲರಿಗೂ ಆ ಹುಲ್ಲುಮನೆಯ ಮೇಲೆ ಅಕ್ಕರೆ. ಹೊಲಕ್ಕೆ ಹಾಕಿದ ನೀರಿನಲ್ಲಿ ಅರ್ಧ ಮಾಡಿಗೂ ಬೀಳುತ್ತಿತ್ತು. ಕಾಳು ಮೊಳೆಯಲೆಂದೇ ನೀರು ಹಾಕುತ್ತಿದ್ದ ನಮಗೆ ಯಾರಿಗೂ, ಮಾಡಿನ ಮೇಲೂ ಕಾಳಿದೆ ಎಂಬುದು ನೆನಪಾಗಲಿಲ್ಲ.

ಮೊದಲು ನೋಡಿದವರು ಬಿಜಾಪುರ ಕಡೆಯ ಹೆರಿಗೆ ಡಾಕ್ಟರು, ನನ್ನ ಮಗಳಿಗೆ ಅಚ್ಚುಮೆಚ್ಚಿನ ಆಂಟಿ. ಕೋಸಂಬರಿ ತಿನ್ನುತ್ತ ಬಗ್ಗಿದವರು ಹಾಗೇ ನಿಂತರು.

"ಅಲ್ರೀ, ನಿಮ್ಮ ಮನಿಗೆ ಕೂದ್ಲಾ ಬಂದಾವಲ್ಲ."

ನಾವೆಲ್ಲ ಬಗ್ಗಿದೆವು. ನೆತ್ತಿಯ ಉದ್ದಕ್ಕೂ ಎಳೆಹಸಿರು ಮೊಳಕೆ, ಕಿರುಬೆರಳಿನ ಅರ್ಧದಷ್ಟು ಎತ್ತರ. ಮಗಳು "ಇಟ್ಸ್ ಗಾಟ್ ಎ ಮೊಹಾಕ್" ಎಂದಳು. ಎರಡೂ ಬದಿ ಬೋಳಿಸಿ ನಡುನೆತ್ತಿಯಲ್ಲಷ್ಟೇ ಕೂದಲು ನಿಲ್ಲಿಸುವ ಕಟಿಂಗಿನ ಹೆಸರು ಅದು. ಅಕ್ಕನ ರೈಲು ಬರುವುದು ಮರುದಿನ.

ಮೇಷ್ಟ್ರನ್ನು ಕರೆದೆವು. ಅವರು ಬಂದು ನೋಡಿ ಕುರ್ಚಿಯ ಮೇಲೆ ಕೂತರು. ಒಂದು ಮೊಳಕೆ ಕಿತ್ತು ನೋಡಿದರೆ ಬೇರಿನ ಜೊತೆ ಹುಲ್ಲಿನ ಕಂತೆಯೇ ಎದ್ದು ಬಂತು. ಆಂಟಿ ಕತ್ತರಿಯಿಂದ ಒಂದು ಮೂಲೆ ಕತ್ತರಿಸಿದರು. ಆಸ್ಪತ್ರೆಯಲ್ಲಿ ತಲೆಗೆ ಹೊಲಿಗೆ ಹಾಕುವ ಮುಂಚೆ ಬೋಳಿಸಿದ ಹಾಗೆ ಕಂಡಿತು. ಹೊಸದಾಗಿ ಹೊದಿಸಲು ಹುಲ್ಲೂ ಇಲ್ಲ, ಸಮಯವೂ ಇಲ್ಲ. ಅಮ್ಮ ಮೇಷ್ಟ್ರ ಮುಂದೆ ಕೈ ಕಟ್ಟಿ ನಿಂತು, "ನನ್ನಿಂದ ಹೀಗಾಯ್ತು ಅಂತ ಹೇಳು" ಎಂದಳು. ಹೇಳಿದೆ. ಮೇಷ್ಟ್ರು, ನಮ್ಮೂರಿನ ಮಳೆಯನ್ನು ನಾನೇ ಲೆಕ್ಕಕ್ಕೆ ತಗೊಂಡಿರಲಿಲ್ಲ, ನಿಮ್ಮ ತಾಯಿ ತಗೊಂಡರು ಎಂದರು. ಮಾತು ನಗುವಿನದು, ಮುಖ ಹಾಗಿರಲಿಲ್ಲ. ಅಕ್ಕ ಒಂದೇ ನೋಟದಲ್ಲಿ ಇದೊಂದು ತಮಾಷೆ ಅಂದುಕೊಳ್ಳುತ್ತಾಳೆ ಎಂದು ಹೊರಡುವಾಗ ಬಾಗಿಲಲ್ಲಿ ಮೆಲ್ಲಗೆ ಹೇಳಿದರು.

ಮರುದಿನ ಮಧ್ಯಾಹ್ನ ಅಕ್ಕ ಬಂದರು. ನನ್ನ ದಿನಚರಿಯಲ್ಲಿ ಆಕೆ ನೀಲಿ ಹ್ಯಾಟು ಹಾಕಿದ್ದರು ಎಂದಿದೆ. ನನ್ನ ನೆನಪಿನಲ್ಲಿ ಅದು ಕಂದು. ಎತ್ತರದ, ನೆಟ್ಟಗಿನ ಹೆಂಗಸು. ಅಮ್ಮ ಕೊಟ್ಟ ಕುಂಕುಮವನ್ನು ಹಣೆ ಒಡ್ಡಿ ಇಡಿಸಿಕೊಂಡರು, ಎಲೆ ಅಡಿಕೆಯನ್ನು ಹ್ಯಾಂಡ್‌ಬ್ಯಾಗಿನಲ್ಲಿ ಜೋಪಾನ ಮಾಡಿದರು. ಆಮೇಲೆ ಮನೆಯ ಮುಂದೆ ಮೊಳಕಾಲೂರಿ ಕೂತರು. ಮೇಷ್ಟ್ರು ಆಕೆಯ ಹಿಂದೆ ನಿಂತಿದ್ದರು, ಪರೀಕ್ಷೆಯ ಹಾಲಿನಲ್ಲಿ ಮೇಲ್ವಿಚಾರಕರಂತಲ್ಲ, ವಿದ್ಯಾರ್ಥಿಯಂತೆ.

ಆಕೆ ಕೆಳಗಿನಿಂದ ಶುರು ಮಾಡಿದರು. ಪಾಯದ ಕಲ್ಲು ಇಷ್ಟು ನುಣುಪಾಗಿರಲಿಲ್ಲ. ರೊಟ್ಟಿ ಸುಡುವ ಗೂಡು ಗೋಡೆಯಿಂದ ಹೊಟ್ಟೆಯ ಹಾಗೆ ಹೊರಗೆ ಉಬ್ಬಿತ್ತು, ನೀನು ಅದನ್ನು ಮರೆತೇಬಿಟ್ಟಿದ್ದೀಯ. ಮಾಡಿನಂಚಿನ ಕಿಟಕಿ ಇನ್ನೂ ಸಣ್ಣದು, ಹುಲ್ಲು ಅದರ ಮೇಲೆ ಹುಬ್ಬಿನಂತೆ ಬಾಗಿತ್ತು. ಮೇಷ್ಟ್ರು ಒಂದೊಂದಕ್ಕೂ ತಲೆಯಾಡಿಸುತ್ತಿದ್ದರು. ನಾನು ಆ ತಲೆಯಾಡಿಸುವಿಕೆ ನೋಡಲಾರದೆ ಪಟ್ಟದ ರಾಣಿಯ ಸೆರಗು ಸರಿಮಾಡತೊಡಗಿದೆ. ಆಕೆಯ ಕಣ್ಣು ಮೇಲೇರಿತು, ನೆತ್ತಿಗೆ ಬಂತು, ಅಲ್ಲೇ ನಿಂತಿತು. ಕೈಗವಸು ಕಳಚಿ ಬರಿಗೈಯಿಂದ ಮೊಳಕೆಗಳನ್ನು ಸವರಿದರು.

"ಇದನ್ನ ನಿನಗೆ ಯಾರು ಹೇಳಿದ್ರು?" ಎಂದು ಕೇಳಿದರು.

ಮೇಷ್ಟ್ರು ಕ್ಷಮೆ ಕೇಳಲು ಬಾಯಿ ತೆರೆದರು. ಆಕೆಗೆ ಅದು ಕೇಳಿಸಲಿಲ್ಲ. ನಮ್ಮ ಕಡೆ ತಿರುಗಿ ಹೇಳತೊಡಗಿದರು. ತಮ್ಮ ಇನ್ನೂ ತೊಟ್ಟಿಲಲ್ಲಿದ್ದ ವರ್ಷ. ಊರಿನ ಆಳುಗಳೆಲ್ಲ ಯುದ್ಧಕ್ಕೆ ಹೋಗಿದ್ದರಿಂದ ಗೋಧಿ ಸರಿಯಾಗಿ ಒಕ್ಕಣೆಯಾಗಿರಲಿಲ್ಲ. ಅಪ್ಪ ಹಾಗೇ ಕಾಳಿದ್ದ ಹುಲ್ಲನ್ನೇ ಮಾಡಿಗೆ ಹೊದಿಸಿದರು. ಆ ಸಲದ ಮಳೆಗೆ ಇಡೀ ಮಾಡು ಮೊಳೆತು ಹಸಿರಾಯಿತು. ಮನೆಯ ಹಿಂದೆ ದಿಬ್ಬವಿತ್ತು, ಅಲ್ಲಿ ಮಾಡಿನಂಚು ನೆಲಕ್ಕೆ ತಾಗುವಷ್ಟು ತಗ್ಗು. ಒಂದು ಭಾನುವಾರ ಚರ್ಚಿನಿಂದ ಬರುವಾಗ ನೋಡಿದರೆ ಮೂರು ಕುರಿಗಳು ಮಾಡಿನ ಮೇಲೆ ಮೇಯುತ್ತಿದ್ದವು, ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ಅವರ ತಾಯಿ ನಾಚಿಕೆಯಿಂದ ಒಂದು ತಿಂಗಳು ಚರ್ಚಿಗೇ ಹೋಗಲಿಲ್ಲ, ಆ ಮಾತು ಮನೆಯಲ್ಲಿ ಯಾರೂ ಮತ್ತೆ ಎತ್ತಬಾರದು ಎಂದು ಆಣೆ ಹಾಕಿಸಿದರು. ಅದಕ್ಕೇ ಇವನಿಗೆ ಗೊತ್ತಿರಲು ಸಾಧ್ಯವೇ ಇಲ್ಲ.

ಆಮೇಲೆ ತಮ್ಮನ ಕಡೆ ನೋಡಿ, "ಗೂಡು ಸರಿ ಮಾಡು. ಉಳಿದ ಹಾಗೆ ಹೌದು. ಇದು ನಮ್ಮನೆ" ಎಂದರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅದನ್ನು ಮತ್ತೆ ಹಾಕಿಕೊಂಡು, ಕುರಿಗಳು ಮಾಡಿನ ಯಾವ ಬದಿಗೆ ಮೇಯುತ್ತಿದ್ದವು ಎಂದು ಕೇಳಿದರು. ಆಕೆ ಎಡಕ್ಕೆ ಎಂದರು. ಯಾರ ಎಡ ಎಂದು ನಮ್ಮವರು ಕೇಳಿದ ಕೂಡಲೇ ಇಬ್ಬರೂ ಮತ್ತೆ ಶುರು ಹಚ್ಚಿಕೊಂಡರು, ಅಮ್ಮ ಒಳಗೆ ಹೋಗಿ ಇನ್ನೊಂದು ಸುತ್ತು ಕಾಫಿ ಇಟ್ಟಳು. ಮಗಳು ಶೆಟ್ಟಿಯ ಅಂಗಡಿಯ ಪಕ್ಕದಲ್ಲಿದ್ದ ಮರದ ಆಡನ್ನು ತಂದು ಮಾಡಿನ ಮೇಲೆ ನಿಲ್ಲಿಸಿದಳು. ಕುರಿ ನಮ್ಮ ಹತ್ತಿರ ಇರಲಿಲ್ಲ.

ಆ ರಾತ್ರಿ ನನಗೆ ಸಂಶಯ ಬಂತು. ನಿಜವಾಗಿ ಹಾಗೆ ನಡೆದಿತ್ತೇ? ತಮ್ಮನ ಮುಖ ನೋಡಿ ಆಕೆ ಅಲ್ಲೇ ಹುಟ್ಟಿಸಿದ ಕತೆಯೇ? ಇವರನ್ನು ಕೇಳಿದರೆ, ಕುರಿಯವರೆಗೂ ನಿಜ, ಮೂರು ಅನ್ನೋದು ಡೌಟು ಎಂದು ಮಗ್ಗುಲಾದರು. ಆಕೆ ಕರುಣೆಗೆ ಸುಳ್ಳು ಹೇಳುವ ಪೈಕಿಯವರಾಗಿ ನನಗೆ ಕಂಡಿರಲಿಲ್ಲ. ಗೂಡಿನ ವಿಷಯದಲ್ಲಿ ತೋರಿದ ಕಟ್ಟುನಿಟ್ಟು ನೋಡಿದರೆ ಸಾಧ್ಯವೇ ಇಲ್ಲ ಅನ್ನಿಸುತ್ತದೆ. ಆದರೆ ಗೂಡಿನ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದದ್ದೇ ಈ ಸುಳ್ಳನ್ನು ನಂಬಿಸಲಿಕ್ಕೆ ಎಂದೂ ಅನ್ನಿಸುತ್ತದೆ.

ಎಂಬತ್ತರ ದಶಕದ ಕೊನೆಗೆ ಒಂದು ಮದುವೆಗೆಂದು ಪರ್ತ್‌ಗೆ ಹೋದಾಗ ಆಕೆಯ ಮನೆಗೂ ಹೋದೆವು. ಮೇಷ್ಟ್ರು ಆ ಹೊತ್ತಿಗೆ ಅಡಿಲೇಡ್ ಬಿಟ್ಟು ಅಕ್ಕನ ಜೊತೆಗೇ ಬಂದಿದ್ದರು. ಮಾದರಿಯನ್ನು ಹಬ್ಬದ ಮುಂದಿನ ವರ್ಷ ಒಂದು ಶಾಲೆಗೆ ಕೊಟ್ಟಿದ್ದರು, ರೊಟ್ಟಿಗೂಡು ಉಬ್ಬಿಸಿದ ಮೇಲೆಯೇ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಫೋಟೋ ಒಂದಿತ್ತು. ಹಬ್ಬದ ದಿನ ನಮ್ಮವರು ತೆಗೆದದ್ದು: ಕುಳ್ಳ ಮನೆ, ದುಂಡು ಮೂಲೆ, ಮಾಡಿನ ನೆತ್ತಿಯಲ್ಲಿ ಹಸಿರು. ನಾವು ಕೂತಿದ್ದಾಗಲೇ ಪಕ್ಕದ ಮನೆಯಾಕೆ ಬಂದರು. ಆಕೆಗೆ ಫೋಟೋ ತೋರಿಸಿ ಅಕ್ಕ, ಇದು ನಾವು ಹುಟ್ಟಿದ ಮನೆ, ನೋಡು, ಮಾಡು ಯಾವಾಗಲೂ ಹೀಗೇ ಹಸಿರಾಗಿರುತ್ತಿತ್ತು ಎಂದರು. ಯಾವಾಗಲೂ ಎಂಬ ಮಾತಿಗೆ ನಾನು ಮೇಷ್ಟ್ರ ಕಡೆ ನೋಡಿದೆ. ಅವರು ತಲೆಯಾಡಿಸುತ್ತಿದ್ದರು.

ಪಕ್ಕದ ಮನೆಯಾಕೆ ಫೋಟೋಗೆ ಮುಖ ಹತ್ತಿರ ತಂದು, ಮೇಲಿನ ಅಂಚಿನಲ್ಲಿ ಕಾಣುವ ಕೆಂಪು ರೇಷ್ಮೆ ಯಾರದು ಎಂದು ಕೇಳಿದರು. ಪಟ್ಟದ ರಾಣಿಯ ಸೀರೆಯ ನೆರಿಗೆ, ಕೆಳಗೆ ಚಿನ್ನದ ಬಣ್ಣದ ಎರಡು ಮರದ ಪಾದ.

"ಅವ್ರಾ?" ಎಂದರು ಅಕ್ಕ, ಒಂದು ಕ್ಷಣವೂ ತಡೆಯದೆ. "ಮೇಲ್ಗಡೆ ಮನೆಯವರು."